ಯುರೋಪನ್ನು ಒಪ್ಪಿಸಲು ಗಿರಿಜಕ್ಕ ಟೆಕ್ಸಸ್‌ಗೆ ಬಂದಾಗ

ಕಳೆದ ತಿಂಗಳು ಆಫೀಸಿನ ಕೆಲಸದ ಮೇಲೆ ಡಲ್ಲಾಸ್‌ನಿಂದ ಹೂಸ್ಟನ್‌ಗೆ ಕಾರಿನಲ್ಲಿ ಹೊರಟಿದ್ದೆ. ಅರ್ಧ ದಾರಿಯಲ್ಲಿ ಪೆಟ್ರೋಲ್ ತುಂಬಿಸಿ, ಕಾಫಿಗೆಂದು ಬಂಕಿನ ಅಂಗಡಿಯೊಳಗೆ ಕಾಲಿಟ್ಟರೆ ಅಲ್ಲಿ ಸಕ್ಕರೆ ಪಾಕ ಹಾಕಿ ಪೆಕಾನ್ ಬೀಜ ಹುರಿಯುತ್ತಿದ್ದರು. ಚಕ್ಕೆಪುಡಿ ಬೆರೆತ ಆ ಬಿಸಿ ವಾಸನೆ ಮೂಗಿಗೆ ತಾಗಿದ್ದೇ ತಡ, ಖಾಲಿ ಕಪ್ಪು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಹಿಂದಿದ್ದವರು ಎರಡನೇ ಸಲ "ಎಕ್ಸ್‌ಕ್ಯೂಸ್ ಮಿ" ಎಂದಾಗಲೇ ಎಚ್ಚರವಾಗಿದ್ದು. ಕೆಲವು ವರ್ಷಗಳ ಹಿಂದೆ ಇದೇ ಕೌಂಟರ್ ಮುಂದೆ ಗಿರಿಜಕ್ಕ ಕಣ್ಣರಳಿಸಿ, "ಚಿಕ್ಕಿ ಮಾಡ್ಲಿಕ್ಕತ್ತಾರೇನವಾ ಇಲ್ಲೆ?" ಎಂದು ಕೇಳಿದ್ದರು. ಆ ವರ್ಷದ ವಸಂತವೆಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು.

ಗಿರಿಜಕ್ಕ ನನ್ನ ಗಂಡ ಪ್ರಹ್ಲಾದನ ದೊಡ್ಡಪ್ಪನ ಮಗಳು. ಧಾರವಾಡದವರು. ಮದುವೆಯಾಗಿ ಇಂಗ್ಲೆಂಡಿನ ಉತ್ತರದ ಒಂದು ಊರಿಗೆ ಹೋಗಿ, ಅಲ್ಲಿನ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿ ನಿವೃತ್ತರಾಗಿದ್ದರು. ಅವರ ಒಬ್ಬಳೇ ಮಗಳು ಸುನಂದಾಗೆ ಸ್ನಾಯುಗಳು ನಿಧಾನವಾಗಿ ಶಕ್ತಿ ಕಳೆದುಕೊಳ್ಳುವ ಕಾಯಿಲೆ. ಹೆಸರು ಹೇಳಿದರೆ ಡಾಕ್ಟರ್‌ಗಳೇ ಇನ್ನೊಮ್ಮೆ ಹೇಳಿ ಎನ್ನುವಷ್ಟು ಅಪರೂಪದ್ದು. ಆಗ ಅವಳಿಗೆ ಮೂವತ್ತರ ಹತ್ತಿರ. ಗಾಲಿಕುರ್ಚಿಯಲ್ಲಿ ಓಡಾಡುತ್ತ ಒಬ್ಬ ಆರ್ಕಿಟೆಕ್ಟ್ ಹತ್ತಿರ ಕೆಲಸ ಮಾಡುತ್ತಿದ್ದಳು.

ಇಂಥ ಕಾಯಿಲೆಯನ್ನು ಕಣ್ಣಾರೆ ಕಂಡ ಡಾಕ್ಟರ್‌ಗಳು ಒಂದೊಂದು ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ. ಅದಕ್ಕೇ ಯುರೋಪಿನ ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ಸೇರಿ ಒಂದು ಕೂಟ ಮಾಡಿಕೊಂಡಿದ್ದವು. ಕಷ್ಟದ ಕೇಸು ಬಂದರೆ ಎಲ್ಲರೂ ಕಂಪ್ಯೂಟರ್ ಪರದೆಯ ಮುಂದೆ ಕೂತು ಒಟ್ಟಿಗೆ ಚರ್ಚಿಸುತ್ತಿದ್ದರು. ಬ್ರೆಕ್ಸಿಟ್ ಎಂದು ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದಾಗ ಅಲ್ಲಿನ ಆಸ್ಪತ್ರೆಗಳೂ ಆ ಕೂಟದಿಂದ ಹೊರಬರಬೇಕಾಯಿತು. ಗಡಿ, ವ್ಯಾಪಾರ, ಮೀನುಗಾರಿಕೆ ಎಂದು ಪೇಪರುಗಳ ತುಂಬ ಬರೆದರು. ಈ ವಿಷಯ ಒಂದು ಮೂಲೆಯಲ್ಲಿ ಉಳಿಯಿತು. ಆ ಮೂಲೆಯಲ್ಲಿದ್ದವರು ಗಿರಿಜಕ್ಕನಂಥವರು. ಈ ಕಾಯಿಲೆ ಇರುವವರ ಮನೆಮಂದಿ ಅಲ್ಲಿ ಕಟ್ಟಿಕೊಂಡಿದ್ದ ಸಣ್ಣ ಸಂಘಕ್ಕೆ ಅವರೇ ಅಧ್ಯಕ್ಷೆ.

ಸರ್ಕಾರಗಳು ತಮ್ಮ ಪಾಡಿಗೆ ಮಾತಾಡಿಕೊಳ್ಳಲಿ, ನಾವು ಜನ ಜನರ ಹತ್ತಿರ ಹೋಗೋಣ ಎನ್ನುವುದು ಅವರ ಲೆಕ್ಕ. ಯುರೋಪಿನಲ್ಲೂ ಇಂಥದೇ ಸಂಘಗಳಿದ್ದವು. ಬ್ರಿಟನ್ನಿನ ರೋಗಿಗಳಿಗೆ ಒಂದು ಬಾಗಿಲಾದರೂ ತೆರೆದಿಡಿ ಎಂದು ಆ ಸಂಘಗಳೇ ತಮ್ಮ ಡಾಕ್ಟರ್‌ಗಳನ್ನು, ತಮ್ಮ ಅಧಿಕಾರಿಗಳನ್ನು ಕೇಳಿದರೆ ಅದರ ತೂಕವೇ ಬೇರೆ. ಆ ವರ್ಷ ಮೇ ತಿಂಗಳಲ್ಲಿ ಜಗತ್ತಿನ ಎಲ್ಲ ಕಡೆಯ ಈ ಕಾಯಿಲೆಯ ಸಂಘಗಳು, ಡಾಕ್ಟರ್‌ಗಳು ಎಲ್ಲ ಸೇರುವ ಸಮ್ಮೇಳನ ಹೂಸ್ಟನ್‌ನಲ್ಲಿತ್ತು. ಅದನ್ನು ನಡೆಸುವ ಟೆಕ್ಸಸ್ ಸಂಘದವರನ್ನು ಮೊದಲೇ ಕಂಡು ಮಾತಾಡಬೇಕೆಂದು ಗಿರಿಜಕ್ಕ ಮಾರ್ಚ್ ಕೊನೆಯಲ್ಲೇ ಡಲ್ಲಾಸ್ ಪಕ್ಕದ ಅಲೆನ್‌ನ ನಮ್ಮ ಮನೆಗೆ ಬಂದಿಳಿದರು.

"ಯುರೋಪಿನವರ ಹತ್ತಿರ ಮಾತಾಡೋಕೆ ಟೆಕ್ಸಸ್‌ವರೆಗೂ ಬರಬೇಕಿತ್ತಾ ಅಕ್ಕ? ಬ್ರಸೆಲ್ಸ್ ನಿಮಗೆ ಅಲ್ಲೇ ಹತ್ತಿರ ಅಲ್ವಾ?" ಎಂದೆ, ಅವರ ಸೂಟ್‌ಕೇಸನ್ನು ಮೆಟ್ಟಿಲು ಹತ್ತಿಸುತ್ತ.

"ಹೋಗಿ ಬಂದೀನವಾ. ಅಲ್ಲೆ ಅವರು ಮನಿಯವರು, ನಾ ಹೊರಗಿನಾಕಿ. ಬಾಗಲದಾಗ ನಿಂತು ಕೇಳಿಧಂಗ ಆಗ್ತದ. ಇಲ್ಲೆ ನೋಡು, ಎಲ್ಲಾರೂ ಪರಸ್ಥಳದವರು. ಒಂದs ಹೋಟೆಲಿನ್ಯಾಗ ನಾಷ್ಟಾ ಮಾಡ್ತೀವಿ."

ನಾನು ಮೈಸೂರಿನವಳು. ಲಾಸ್ ಕೊಲಿನಾಸ್‌ನ ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ. ಆಗಷ್ಟೇ ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಶುರುವಾಗಿರಲಿಲ್ಲ. ಹಾಗಾಗಿ ಗಿರಿಜಕ್ಕನನ್ನು ಡ್ರೈವ್ ಮಾಡಿಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಎರಡು ವಾರ ಅಂದುಕೊಂಡಿದ್ದೆ, ಆ ವಸಂತ ಪೂರ್ತಿ ಅದೇ ಆಯಿತು.

ಮೊದಲ ಸಭೆ ನಮ್ಮ ಪಕ್ಕದ ಪ್ಲೇನೋದ ಲೈಬ್ರರಿಯಲ್ಲಿ. ಈ ಕಾಯಿಲೆಯವರಿರುವ ಡಲ್ಲಾಸ್ ಸುತ್ತಮುತ್ತಲ ಕೆಲವು ಕುಟುಂಬಗಳು ಬಂದಿದ್ದವು. ಗಿರಿಜಕ್ಕ ಕಾಟನ್ ಸೀರೆಯ ಮೇಲೆ ದಪ್ಪ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಇಂಗ್ಲೆಂಡಿನ ಚಳಿ ತಡೆದ ಹೆಂಗಸಿಗೆ ಟೆಕ್ಸಸ್‌ನ ಎಸಿ ತಡೆಯಲಾಗುತ್ತಿರಲಿಲ್ಲ. ಅವರು ಸಮಾಧಾನವಾಗಿ ಎಲ್ಲ ವಿವರಿಸಿ ಮುಗಿಸಿದ ಮೇಲೆ ಹಿಂದಿನ ಸಾಲಿನ ಒಬ್ಬ ಅಜ್ಜ ಕೈ ಎತ್ತಿ, "ಮೇಡಂ, ಈ ಬ್ರೆಕ್ಸಿಟ್ ಅನ್ನುವುದು ಹೊಸ ಔಷಧಿಯೇ?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಗಿರಿಜಕ್ಕ ನಗಲಿಲ್ಲ. "ಅಲ್ಲ ಸರ್. ಆದರೆ ಔಷಧಿ ಗೊತ್ತಿರುವ ಡಾಕ್ಟರನ್ನು ನಮ್ಮ ಡಾಕ್ಟರು ಕೇಳಲು ಆಗದ ಹಾಗೆ ಮಾಡಿತು" ಎಂದರು. ಅಜ್ಜ, "ಅದು ಸರಿಯಲ್ಲ" ಎಂದು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಗಿರಿಜಕ್ಕ, "ನಾ ಹತ್ತು ಮಾತಿನ್ಯಾಗ ಹೇಳೋದನ್ನ ಒಂದರಾಗ ಹೇಳೂ ಹಂಗ ಮಾಡಿದ್ರು ನೋಡವಾ ಆ ಹಿರೇರು" ಎಂದು ಖುಷಿಪಟ್ಟರು. ಅಂದಿನಿಂದ ಎಲ್ಲಿ ಹೋದರೂ ಆ ಒಂದು ವಾಕ್ಯದಿಂದಲೇ ಶುರು ಮಾಡುತ್ತಿದ್ದರು.

ಏಪ್ರಿಲ್‌ನಲ್ಲಿ ಒಂದು ಸಂಜೆ ಆಕಾಶ ಹಸಿರು ಮಿಶ್ರಿತ ಕಪ್ಪಾಯಿತು. ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿದ್ದು, ಊರಿನ ಸೈರನ್ ಕೂಗತೊಡಗಿತು. ಸುಂಟರಗಾಳಿಯ ಎಚ್ಚರಿಕೆ. ಮನೆಯಲ್ಲಿ ಗಟ್ಟಿ ಜಾಗವೆಂದರೆ ಮೆಟ್ಟಿಲ ಕೆಳಗಿನ ಕ್ಲಾಸೆಟ್, ಸಾಮಾನಿಡುವ ಸಣ್ಣ ಕೋಣೆ. ನಾವು ಮೂವರೂ ಕೋಟು, ಚಪ್ಪಲಿ, ವ್ಯಾಕ್ಯೂಮ್ ಕ್ಲೀನರ್ ಮಧ್ಯೆ ಮಂಡಿ ಮಡಚಿ ಕೂತೆವು. ಹೊರಗೆ ಛಾವಣಿಯ ಮೇಲೆ ಕಲ್ಲು ಸುರಿಯುವ ಸದ್ದು. ಪ್ರಹ್ಲಾದ ಎಷ್ಟೋ ದಿನದಿಂದ ಬಾಯಿಗೆ ಬಂದದ್ದನ್ನು ತಡೆದುಕೊಂಡಿದ್ದನೆಂದು ಕಾಣುತ್ತದೆ, ಅಲ್ಲಿ ಕೇಳಿಯೇಬಿಟ್ಟ.

"ಸಿಟ್ಟಾಗಬ್ಯಾಡ ಅಕ್ಕಾ. ಬಿಟ್ಟು ಹೋಗ್ತೀವಿ ಅಂತ ಓಟು ಹಾಕಿದವರು ನಿಮ್ಮ ದೇಶದವರು. ಈಗ ಯುರೋಪಿನವರ ಬಾಗಲಕ್ಕ ಹೋಗಿ ನಿಂತ್ರ ಅವರು ಯಾಕ ಕೇಳಬೇಕು?"

ಗಿರಿಜಕ್ಕ ಕತ್ತಲಲ್ಲೇ ನಕ್ಕರು. "ನಾ ಬಿಡೂದು ಬ್ಯಾಡ ಅಂತ ಹಾಕಿದಾಕಿ. ನಮ್ಮ ಬಾಜೂಮನಿ ಬ್ರೆಂಡಾ ಬಿಡೂಣು ಅಂತ ಹಾಕಿದಾಕಿ. ವಾರಾ ವಾರಾ ಸುನಂದಾನ್ನ ತನ್ನ ವ್ಯಾನಿನ್ಯಾಗ ಆಸ್ಪತ್ರಿಗೆ ಕರಕೊಂಡು ಹೋಗಾಕಿನೂ ಅದs ಬ್ರೆಂಡಾ. ಈಗ ಆಕಿ ಮ್ಯಾಲೆ ಸಿಟ್ಟು ಮಾಡ್ಲ್ಯೋ, ಆಕಿ ವ್ಯಾನ್ ಹತ್ತಲ್ಯೋ, ನೀನs ಹೇಳು."

ಸೈರನ್ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಬೀದಿಯ ಎಲ್ಲ ಕಾರುಗಳ ಮೈಮೇಲೂ ಗುಳಿ ಬಿದ್ದಿತ್ತು. ಮರುದಿನದಿಂದ ಪ್ರಹ್ಲಾದ ಯಾವ ಡಾಕ್ಟರ್ ಯಾವ ದೇಶದವರು, ಯಾವ ಸಂಘಕ್ಕೆ ಯಾರು ಮುಖ್ಯಸ್ಥರು ಎಂದು ಅಕ್ಕನ ಜೊತೆ ಕೂತು ಹುಡುಕಲು ಶುರು ಮಾಡಿದ.

ಅದೇ ತಿಂಗಳು ನಾವು ಆಸ್ಟಿನ್ ಕಡೆ ಹೋದೆವು. ಸಮ್ಮೇಳನ ನಡೆಸುತ್ತಿದ್ದ ಟೆಕ್ಸಸ್ ಸಂಘದ ಮುಖ್ಯಸ್ಥೆ ಲಿಂಡಾ ಅದರ ಉತ್ತರಕ್ಕಿರುವ ಜಾರ್ಜ್‌ಟೌನ್‌ನ ಒಂದು ಹೊಸ ಬಡಾವಣೆಯಲ್ಲಿದ್ದರು. ಹೆದ್ದಾರಿಯ ಅಕ್ಕಪಕ್ಕ ಬ್ಲೂಬಾನೆಟ್ ಹೂಗಳು ನೀಲಿ ಚಾದರ ಹಾಸಿದಂತೆ ಅರಳಿದ್ದವು. ಗಿರಿಜಕ್ಕ ಹೂವನ್ನು ನೋಡಿದರು, ಆದರೆ ಫೋಟೋ ತೆಗೆದದ್ದು ದಾರಿಯಲ್ಲಿ ನಾವು ನಿಂತ ಒಂದು ಹೋಟೆಲಿನ ಬಾಗಿಲಿನದು. "ಎಷ್ಟು ಅಗಲ ನೋಡು. ಹೊಸ್ತಿಲs ಇಲ್ಲ. ಸುನಂದಾಗ ಕಳಸ್ತೀನಿ, ಆಕಿ ಡ್ರಾಯಿಂಗಿಗೆ ಬೇಕಾಗ್ತದ."

ಲಿಂಡಾ ಐಸ್ ಟೀ ಕೊಟ್ಟು ಕೂರಿಸಿ, ಮೊದಲೇ ಹೇಳಿಬಿಟ್ಟರು. "ಇದು ನಿಮ್ಮ ಎರಡೂ ಕಡೆಯವರ ವಿಷಯ. ಸಮ್ಮೇಳನ ನಡೆಸುವವರು ನಾವು. ನಾವು ಒಂದು ಕಡೆ ವಹಿಸಿದರೆ ಯುರೋಪಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಕ್ಷಮಿಸಿ."

ನನ್ನ ಮುಖ ಬಾಡಿತು. ಅಷ್ಟು ದೂರ ಬಂದದ್ದು ದಂಡವಾಯಿತಲ್ಲ ಎನಿಸಿತು. ಗಿರಿಜಕ್ಕ "ಆಗಲಿ, ನೀವು ಹೇಳುವುದೂ ಸರಿ" ಎಂದು ಟೀ ಕುಡಿದರು. ಆಮೇಲೆ ಗೋಡೆಯ ಮೇಲಿದ್ದ ಲಿಂಡಾ ಅವರ ಮಗನ ಫೋಟೋ ನೋಡಿ, "ಇವನಿಗೆ ಇದೇ ಕಾಯಿಲೆ ಅಂತ ಹೇಗೆ ಗೊತ್ತಾಯಿತು?" ಎಂದು ಕೇಳಿದರು.

ಅದನ್ನು ಲಿಂಡಾ ಎಷ್ಟು ಸಲ ಹೇಳಿದ್ದರೋ, ಕಥೆ ತಾನಾಗಿ ಹರಿದು ಬಂತು. ಊರೂರು ಆಸ್ಪತ್ರೆ ಸುತ್ತಿದ್ದು, ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದ್ದು, ಕೊನೆಗೆ ಹೂಸ್ಟನ್‌ನ ಡಾಕ್ಟರ್ ಒಬ್ಬರು ವರದಿಗಳನ್ನು ಲಂಡನ್ನಿಗೆ ಕಳಿಸಿದ್ದು. ಲಂಡನ್ ಡಾಕ್ಟರಿಗೂ ಅನುಮಾನ. ಅವರು ನೆದರ್ಲೆಂಡ್ಸ್‌ನಲ್ಲಿದ್ದ ತಮ್ಮ ಜೊತೆಯವರನ್ನು ಕೇಳಿದರು. ಇಬ್ಬರೂ ಸೇರಿ...

ಲಿಂಡಾ ಅಲ್ಲಿಗೆ ನಿಲ್ಲಿಸಿದರು. ಕೈಯಲ್ಲಿದ್ದ ಗ್ಲಾಸನ್ನು ಮೇಜಿನ ಮೇಲಿಟ್ಟರು. "ಓ" ಎಂದರು.

ಆಮೇಲೆ ಲಿಂಡಾನೇ, "ಇವತ್ತಾಗಿದ್ದರೆ ಅವರಿಬ್ಬರು ಒಟ್ಟಿಗೆ ಕೂರುತ್ತಿರಲಿಲ್ಲ, ಅಲ್ಲವೇ?" ಎಂದರು. ನಾವು ಹೊರಡುವ ಹೊತ್ತಿಗೆ ಸಮ್ಮೇಳನದ ಎರಡನೇ ದಿನ ಬೆಳಗ್ಗೆ ಈ ವಿಷಯಕ್ಕೆ ಸಮಯ ಕೊಡುವುದೆಂದು ನಿರ್ಧಾರವಾಗಿತ್ತು. ಮುಂದಿನ ವಾರಗಳಲ್ಲಿ ಲಿಂಡಾ ಜೊತೆಗೇ ಆಸ್ಟಿನ್‌ನ ಕುಟುಂಬಗಳನ್ನೂ ಗಿರಿಜಕ್ಕ ಕಂಡು ಬಂದರು. ಎಲ್ಲ ಕಡೆಯೂ ಅದೇ ರೀತಿ, ತಮ್ಮದನ್ನು ಒಂದು ವಾಕ್ಯದಲ್ಲಿ ಹೇಳಿ, ಅವರದನ್ನು ಕೇಳುತ್ತ ಕೂರುವುದು.

ಹೂಸ್ಟನ್‌ಗೆ ಹೋದಾಗ ಮೇ ತಿಂಗಳ ಸೆಕೆ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತಿತ್ತು. ಆಸ್ಪತ್ರೆಗಳೇ ತುಂಬಿದ ಬಡಾವಣೆಯ ಮಧ್ಯದ ಹೋಟೆಲು. ಮೊದಲ ದಿನ ನಾಷ್ಟಾದ ಹೊತ್ತಿಗೆ ಗಿರಿಜಕ್ಕ ತಮ್ಮ ತಟ್ಟೆ ಎತ್ತಿಕೊಂಡು ಮರೈಕೆ ಎಂಬವರ ಮೇಜಿಗೆ ಹೋದರು. ಡಚ್ ಹೆಂಗಸು, ಎತ್ತರದ ನಿಲುವು, ಯುರೋಪಿನ ಎಲ್ಲ ಸಂಘಗಳ ಒಕ್ಕೂಟಕ್ಕೆ ಅಧ್ಯಕ್ಷೆ. ಅವರು ಒಪ್ಪಿದರೆ ಉಳಿದವರು ಒಪ್ಪುತ್ತಾರೆ ಎಂದು ಎಲ್ಲರೂ ಹೇಳಿದ್ದರು. ನಾನೂ ಪಕ್ಕದಲ್ಲಿ ಕೂತೆ.

ಮರೈಕೆ ನೇರವಾಗಿ ಮಾತಾಡುವವರು. "ನಿಮ್ಮ ಬಗ್ಗೆ ನನಗೆ ಗೌರವ ಇದೆ. ಆದರೆ ನಮ್ಮ ಸದಸ್ಯರಿಗೆ ಕೋಪ ಇದೆ. ನಿಮ್ಮ ದೇಶ ನಿಯಮಗಳು ಬೇಡ ಎಂದಿತು, ಈಗ ಅನುಕೂಲ ಮಾತ್ರ ಬೇಕು ಎಂದರೆ ಹೇಗೆ? ನಾನು ಇದನ್ನು ಅವರ ಮುಂದಿಡಲಾರೆ" ಎಂದರು.

"ನೀವೇನು ಕಳೆದುಕೊಂಡಿರಿ?" ಗಿರಿಜಕ್ಕ ಕೇಳಿದರು.

ಮರೈಕೆಗೆ ಪ್ರಶ್ನೆ ಅರ್ಥವಾಗಲಿಲ್ಲ. ಗಿರಿಜಕ್ಕ ಮತ್ತೆ ಕೇಳಿದರು. "ನಾವು ಹೋದದ್ದರಿಂದ ನಿಮಗೆ ಏನು ನಷ್ಟವಾಯಿತು? ನಮ್ಮ ಕಡೆಯವರು ಯಾರೂ ನಿಮ್ಮನ್ನು ಕೇಳಿರಲಾರರು."

ಆಗ ಮರೈಕೆ, ಉಸಿರಾಟದ ತೊಂದರೆ ಇರುವವರಿಗೆ ಇಂಗ್ಲೆಂಡಿನ ಒಬ್ಬ ಡಾಕ್ಟರ್ ಎಲ್ಲರಿಗಿಂತ ಚೆನ್ನಾಗಿ ಸಲಹೆ ಕೊಡುತ್ತಿದ್ದರೆಂದೂ ಈಗ ಅವರನ್ನು ಸಭೆಗೆ ಕರೆಯಲಾಗುವುದಿಲ್ಲವೆಂದೂ ಹೇಳಿದರು. ಅದನ್ನು ಹೇಳುವಾಗ ಅವರ ದನಿ ತಗ್ಗಿತ್ತು. ಆದರೂ ಏಳುವಾಗ, "ನನ್ನ ಉತ್ತರ ಬದಲಾಗಿಲ್ಲ" ಎಂದೇ ಎದ್ದರು.

ಅದೇ ಮಧ್ಯಾಹ್ನ ಇಂಗ್ಲೆಂಡಿನಿಂದ ಫೋನ್ ಬಂತು. ಸುನಂದಾಗೆ ಉಸಿರಾಟ ಕಷ್ಟವಾಗಿ ಆಸ್ಪತ್ರೆಗೆ ಸೇರಿಸಿದ್ದರು. ಗಿರಿಜಕ್ಕ ಹೋಟೆಲ್ ರೂಮಿನ ಮಂಚದ ಅಂಚಿನಲ್ಲಿ ಕೂತು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಬರ್ತೀನವಾ, ಇವತ್ತs ಫ್ಲೈಟ್ ನೋಡ್ತೀನಿ" ಎಂದರು. ಅತ್ತ ಕಡೆಯಿಂದ ಸುನಂದಾಳ ದನಿ ಸಣ್ಣಗೆ, ಮಧ್ಯೆ ಮಧ್ಯೆ ನಿಂತು ಕೇಳಿಸಿತು. "ಅಮ್ಮಾ, ಡೋಂಟ್ ಯೂ ಡೇರ್. ಫಿನಿಶ್ ಇಟ್. ಅಪ್ಪ ಈಸ್ ಹಿಯರ್."

ಫೋನಿಟ್ಟ ಮೇಲೆ ಗಿರಿಜಕ್ಕ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ತುಂಬ ಹೊತ್ತು ನೀರಿನ ಸದ್ದೇ ಕೇಳುತ್ತಿತ್ತು. ಹೊರಗೆ ಬಂದಾಗ ಮುಖ ತೊಳೆದು ಕುಂಕುಮ ಇಟ್ಟುಕೊಂಡಿದ್ದರು. ನಾನು ತಡೆಯಲಾರದೆ ಹೇಳಿದೆ. "ಅಕ್ಕ, ನಾಳೆ ಸಭೆಯಲ್ಲಿ ಇದನ್ನೇ ಹೇಳಿ. ನಿಮ್ಮ ಮಗಳು ಆಸ್ಪತ್ರೇಲಿದಾಳೆ ಅಂದ್ರೆ ಯಾರು ಇಲ್ಲ ಅಂತಾರೆ?"

"ಅದಕ್ಕs ಹೇಳೂದಿಲ್ಲ ವಿಜಯಾ. ಹೇಳಿದ್ರ ಅವರು ಮರಮರ ಮರಗಿ ನನ್ನ ಮಗಳಿಗಷ್ಟs ಸಹಾಯ ಮಾಡ್ತಾರ. ನಾ ಬಂದದ್ದು ಆಕಿ ಒಬ್ಬಾಕಿ ಸಲುವಾಗಿ ಅಲ್ಲ."

ಎರಡನೇ ದಿನ ಬೆಳಗ್ಗೆ ನಾವು ಸಭಾಂಗಣದ ಕಡೆ ನಡೆಯುತ್ತಿದ್ದಾಗ ಒಬ್ಬ ವಯಸ್ಸಾದ ಮನುಷ್ಯ ಎದುರು ಬಂದು ನಿಂತರು. ಜರ್ಮನಿಯ ಡಾಕ್ಟರ್ ಮಾಥಿಯಾಸ್. ಈ ಕಾಯಿಲೆಯ ಬಗ್ಗೆ ಅವರಿಗಿಂತ ತಿಳಿದವರಿಲ್ಲ ಎಂದು ಪ್ರಹ್ಲಾದ ಹುಡುಕಿ ಹೇಳಿದ್ದ. "ನೀವು ಸುನಂದಾಳ ತಾಯಿ ಅಲ್ಲವೇ? ಅವಳ ಡಾಕ್ಟರ್ ನನ್ನ ಹಳೆಯ ಗೆಳೆಯ. ನಿನ್ನೆ ಫೋನ್ ಮಾಡಿದ್ದ. ನನಗೆ ತೋಚಿದ್ದನ್ನು ಹೇಳಿದ್ದೇನೆ. ಇದು ನಮ್ಮಿಬ್ಬರ ನಡುವೆ ಇರಲಿ" ಎಂದರು.

ಗಿರಿಜಕ್ಕನ ಕಣ್ಣು ತುಂಬಿ ಬಂತು. ಕೈ ಮುಗಿದರು. ಆಮೇಲೆ ಅವರ ಕೈ ಹಿಡಿದುಕೊಂಡೇ, "ನಿಮ್ಮ ಗೆಳೆಯರಲ್ಲದ ಡಾಕ್ಟರ ಹತ್ತಿರ ಇರುವ ಮಕ್ಕಳು ಏನು ಮಾಡಬೇಕು ಡಾಕ್ಟರ್?" ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ಆರೋಪವಿರಲಿಲ್ಲ. ಡಾಕ್ಟರ್ ಮಾಥಿಯಾಸ್ ತಲೆ ತಗ್ಗಿಸಿ ಸಭಾಂಗಣದೊಳಗೆ ಹೋದರು.

ಲಿಂಡಾ ಮೊದಲು ಮಾತಾಡಿ ತಮ್ಮ ಮಗನ ಕಥೆ ಹೇಳಿದರು. ನಂತರ ಗಿರಿಜಕ್ಕ ವೇದಿಕೆ ಹತ್ತಿದರು. ಅವರ ಇಂಗ್ಲಿಷಿನಲ್ಲಿ ಧಾರವಾಡವೂ ಇತ್ತು, ಇಂಗ್ಲೆಂಡಿನ ಉತ್ತರವೂ ಇತ್ತು. ಪ್ಲೇನೋದ ಅಜ್ಜನ ಪ್ರಶ್ನೆಯಿಂದ ಶುರು ಮಾಡಿದಾಗ ಸಭೆ ನಕ್ಕಿತು, ಅವರ ಉತ್ತರ ಕೇಳಿ ಸುಮ್ಮನಾಯಿತು. "ನಮ್ಮ ಊರ ಕಡೆ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರೆ. ಹೊಲ ಪಾಲಾಗುತ್ತದೆ, ಪಾತ್ರೆ ಪಾಲಾಗುತ್ತದೆ. ಅಂಗಳದ ಬಾವಿಗೆ ಮಾತ್ರ ಗೋಡೆ ಹಾಕುವುದಿಲ್ಲ, ಎರಡೂ ಮನೆಯವರು ಬಂದು ಸೇದಿಕೊಳ್ಳುತ್ತಾರೆ. ನಾನು ಪಾಲು ತಪ್ಪೋ ಸರಿಯೋ ಎಂದು ವಾದ ಮಾಡಲು ಬಂದಿಲ್ಲ. ಈ ಬಾವಿಯ ನೀರು ನಮಗೂ ಬೇಕು. ಮರೈಕೆಯವರು ನಿನ್ನೆ ಹೇಳಿದರು, ನಮ್ಮ ಕಡೆಯ ನೀರು ಅವರಿಗೂ ಬೇಕಾಗಿದೆಯಂತೆ" ಎಂದಷ್ಟೇ ಹೇಳಿ ಇಳಿದರು. ಮಗಳ ಹೆಸರು ಅವರ ಬಾಯಿಂದ ಬರಲಿಲ್ಲ.

ಚಪ್ಪಾಳೆ ಬಿತ್ತು, ಆದರೆ ಸೌಜನ್ಯದ ಚಪ್ಪಾಳೆ. ಯುರೋಪಿನವರ ಸಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಡಾಕ್ಟರ್ ಮಾಥಿಯಾಸ್ ಎದ್ದು ನಿಂತರು.

"ಬ್ರಿಟನ್ ಹೊರಗೆ ಹೋದ ಮೇಲೂ ನಾನು ಅಲ್ಲಿನ ರೋಗಿಗಳ ಬಗ್ಗೆ ಸಲಹೆ ಕೊಡುತ್ತಿದ್ದೇನೆ" ಎಂದರು. "ಗುಟ್ಟಾಗಿ, ಫೋನಿನಲ್ಲಿ, ಗೆಳೆಯರಿಗೆ. ಇಲ್ಲಿರುವ ಅನೇಕ ಡಾಕ್ಟರ್‌ಗಳು ಅದನ್ನೇ ಮಾಡುತ್ತಿದ್ದೀರಿ, ನನಗೆ ಗೊತ್ತು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಈಗಷ್ಟೇ ಒಬ್ಬರು ನನ್ನನ್ನು ಕೇಳಿದರು, ನಿಮ್ಮ ಗೆಳೆಯರಲ್ಲದವರ ಮಕ್ಕಳು ಏನು ಮಾಡಬೇಕು ಎಂದು. ಮುಂದಿನ ವರ್ಷ ನಾನು ನಿವೃತ್ತನಾಗುತ್ತೇನೆ. ಆಗ ಈ ಫೋನೂ ನಿಲ್ಲುತ್ತದೆ."

ಅವರು ಕೂತರು. ಇನ್ನೊಬ್ಬ ಡಾಕ್ಟರ್ ಎದ್ದು, "ನಾನೂ ಮಾಡುತ್ತಿದ್ದೇನೆ" ಎಂದರು. ಫ್ರಾನ್ಸಿನ ಒಬ್ಬರು ಎದ್ದರು. ಹೀಗೆ ಒಬ್ಬೊಬ್ಬರಾಗಿ ಏಳುತ್ತಿರುವುದನ್ನು ಮರೈಕೆ ತಿರುಗಿ ತಿರುಗಿ ನೋಡಿದರು. ಕೊನೆಗೆ ಅವರೇ ಮೈಕ್ ತೆಗೆದುಕೊಂಡರು. "ಎಲ್ಲರೂ ಕಳ್ಳತನದಲ್ಲಿ ಮಾಡುತ್ತಿರುವುದನ್ನು ಬಹಿರಂಗವಾಗಿ ಮಾಡಲು ಏನು ಬೇಕು ಎಂದು ಈಗ ಕೂತು ಮಾತಾಡೋಣ. ಗಿರಿಜಾ, ನೀವು ನನ್ನ ಪಕ್ಕ ಬನ್ನಿ" ಎಂದರು.

ಆ ದಿನ ಜಗತ್ತೇನೂ ಬದಲಾಗಲಿಲ್ಲ. ಹಳೆಯ ಕೂಟಕ್ಕೆ ಬ್ರಿಟನ್ ಮರಳುವುದು ಸಂಘಗಳ ಕೈಯಲ್ಲಿರಲಿಲ್ಲ. ಎರಡು ಮಾತಿಗೆ ಮಾತ್ರ ಒಪ್ಪಿಗೆಯಾಯಿತು. ಬ್ರಿಟನ್ನಿನ ಸಂಘಕ್ಕೆ ಯುರೋಪಿನ ಒಕ್ಕೂಟದ ಸಭೆಗಳಲ್ಲಿ ಕೂತು ಮಾತಾಡುವ ಅವಕಾಶ, ಮತ್ತು ರೋಗಿಯ ಗುರುತು ಬಿಟ್ಟುಕೊಡದೆ ಎರಡೂ ಕಡೆಯ ಡಾಕ್ಟರ್‌ಗಳು ಕಷ್ಟದ ಕೇಸುಗಳನ್ನು ಚರ್ಚಿಸುವ ಒಂದು ಪ್ರತ್ಯೇಕ ವೇದಿಕೆ. ಅದಕ್ಕೆ ಬೇಕಾದ ಅನುಮತಿಗಾಗಿ ಪ್ರತಿಯೊಂದು ದೇಶದ ಸಂಘವೂ ತನ್ನ ಸರ್ಕಾರದ ಬೆನ್ನು ಹತ್ತಬೇಕು. ಗಿರಿಜಕ್ಕನಿಗೆ ಅಷ್ಟು ಸಾಕಾಗಿತ್ತು. ಸಭೆ ಮುಗಿದ ಮೇಲೆ ಮರೈಕೆ ಅವರನ್ನು ಅಪ್ಪಿಕೊಂಡಾಗ, ಆ ಎತ್ತರದ ಹೆಂಗಸಿನ ತೋಳಿನಲ್ಲಿ ಗಿರಿಜಕ್ಕ ಕಾಣಿಸಲೇ ಇಲ್ಲ, ಸ್ವೆಟರಿನ ಒಂದು ಅಂಚು ಮಾತ್ರ ಕಾಣುತ್ತಿತ್ತು. ಅಂದು ಸಂಜೆಯ ವಿಮಾನಕ್ಕೇ ಅವರನ್ನು ಹತ್ತಿಸಿ ನಾನೊಬ್ಬಳೇ ಡ್ರೈವ್ ಮಾಡಿಕೊಂಡು ಮರಳಿದೆ.

ಸುನಂದಾ ಕೆಲವು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಮಲಗುವಾಗ ಉಸಿರಾಟದ ಯಂತ್ರ ಹಾಕಿಕೊಳ್ಳಬೇಕಾಯಿತು, ಆದರೆ ಕೆಲಸಕ್ಕೆ ಮರಳಿದಳು. ಗಿರಿಜಕ್ಕ ಅವಳನ್ನು ಬ್ರೆಂಡಾಳ ವ್ಯಾನಿನಲ್ಲಿ ಹಡಗು ಹತ್ತಿಸಿ ಒಮ್ಮೆ ನೆದರ್ಲೆಂಡ್ಸ್‌ಗೂ ಕರೆದುಕೊಂಡು ಹೋದರು. ಅಲ್ಲಿನ ಸಭೆಯಲ್ಲಿ ಮಾತಾಡಿದವಳು ಸುನಂದಾನೇ. ಅನುಮತಿಗಳು ಬರುವ ವೇಗ ನೋಡಿ ನನಗೆ ಎಷ್ಟೋ ಸಲ ಬೇಸರವಾಗಿತ್ತು. ಅವರಿಗೆ ಆಗಲಿಲ್ಲ. ಫೋನ್ ಮಾಡಿದಾಗಲೆಲ್ಲ ಯಾವ ದೇಶ ಒಪ್ಪಿತು, ಯಾವುದು ಬಾಕಿ ಎಂದು ಪರೀಕ್ಷೆಯ ಫಲಿತಾಂಶ ಹೇಳುವ ಟೀಚರಂತೆ ಉತ್ಸಾಹದಿಂದ ಹೇಳುತ್ತಿದ್ದರು.

ಸಮ್ಮೇಳನವಾದ ಎರಡನೇ ವರ್ಷದ ಚಳಿಗಾಲದಲ್ಲಿ ಒಂದು ಬೆಳಗ್ಗೆ ನಾನು ಲಾಸ್ ಕೊಲಿನಾಸ್‌ನ ಆಫೀಸಿನ ಮುಂದೆ ಕಾರು ನಿಲ್ಲಿಸುತ್ತಿದ್ದಾಗ ಅವರ ಫೋನ್ ಬಂತು.

"ವಿಜಯಾ, ಇವತ್ತು ಮೊದಲನೇ ಕೇಸಿನ ಸಭಾ ಕೂತಿತ್ತವಾ. ಎಲ್ಲಾ ದೇಶದವರೂ ಇದ್ರು. ಒಂದು ದಾರಿ ಕಾಣಸೇದಂತ ಹೇಳಿದ್ರು."

"ಯಾರದು ಅಕ್ಕ? ಸುನಂದಾದಾ?"

"ಅಲ್ಲವಾ. ಯಾವುದೋ ಸಣ್ಣ ಕೂಸಂತ, ವೇಲ್ಸ್ ಕಡೀದು. ಹೆಸರು ಹೇಳಂಗಿಲ್ಲ, ನಾನೂ ಕೇಳಲಿಲ್ಲ." ಇಷ್ಟು ಹೇಳಿ ಅವರು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಇರ್ವಿಂಗ್‌ನ ಇಂಡಿಯನ್ ಅಂಗಡಿಯಿಂದ ಒಂದು ಡಬ್ಬ ಮೈಸೂರು ಪಾಕ್ ತಂದು ಟೀಮಿನವರಿಗೆಲ್ಲ ಹಂಚಿದೆ. ಏನು ವಿಶೇಷ ಎಂದು ಎಲ್ಲರೂ ಕೇಳಿದರು. ವೇಲ್ಸ್‌ನಲ್ಲಿರುವ ಒಂದು ಕೂಸಿನ ಬಗ್ಗೆ ಇವತ್ತು ಹಲವು ದೇಶದ ಡಾಕ್ಟರ್‌ಗಳು ಒಟ್ಟಿಗೆ ಕೂತು ಮಾತಾಡಿದರಂತೆ ಎಂದೆ.

"ನಿಮ್ಮ ಸಂಬಂಧಿಕರಾ?" ಎಂದು ಪಕ್ಕದ ಸೀಟಿನವಳು ಕೇಳಿದಳು.

ಒಂದು ಗಳಿಗೆ ಯೋಚಿಸಿ, ಹೌದು ಎಂದೆ.